ಫೈಬರ್ ದೋಣಿಗೆ ಗೀರು ಬಿದ್ದಿದೆಯಾ? ಮೊದಲು ಉಗುರು ತಾಗಿಸಿ ನೋಡಿ

ಮಲ್ಪೆಯಿಂದ ಕಾರವಾರದವರೆಗೆ ಕರಾವಳಿಯ ದಡಗಳಲ್ಲಿ ಈಗ ಫೈಬರ್ ದೋಣಿಗಳದ್ದೇ ಸಾಲು. ಮರದ ದೋಣಿಯ ಹಾಗೆ ಇದಕ್ಕೆ ಮೀನೆಣ್ಣೆ ಬಳಿಯಬೇಕಿಲ್ಲ, ಹುಳ ಹಿಡಿಯುವ ಭಯವೂ ಇಲ್ಲ. ಆದರೆ ಮರಳಿನ ಮೇಲೆ ಎಳೆಯುವಾಗ, ಧಕ್ಕೆಯ ಕಲ್ಲಿಗೆ ತಾಗಿದಾಗ, ಲಂಗರಿನ ಸರಪಳಿ ಉಜ್ಜಿದಾಗ ಗೀರು ಬೀಳುತ್ತದೆ. ರಜೆಗೆ ಊರಿಗೆ ಹೋದಾಗ ಕೇಳಿದರೆ "ದೋಣಿ ಅಂದ್ಮೇಲೆ ಗೀರು ಇರೋದೇ" ಅಂತಾರೆ ಮನೆಯವರು. ಆ ಮಾತು ಅರ್ಧ ಮಾತ್ರ ನಿಜ.

ಫೈಬರ್ ದೋಣಿಯ ಹೊಳೆಯುವ ಮೈ ಪೇಂಟ್ ಅಲ್ಲ. ದೋಣಿ ಮಾಡುವಾಗ ಅಚ್ಚಿನೊಳಗೆ ಮೊಟ್ಟಮೊದಲು ಬಳಿಯುವ, ಬಣ್ಣ ಬೆರೆಸಿದ ರಾಳದ ಪದರ ಅದು. ಹೆಸರು ಜೆಲ್‌ಕೋಟ್. ದಪ್ಪ ಸುಮಾರು ಅರ್ಧ ಮಿಲಿಮೀಟರ್ ಅಷ್ಟೇ. ಅದರ ಹಿಂದೆ ಗಾಜಿನ ನಾರು, ರಾಳ. ಗೀರು ಈ ಪದರವನ್ನು ದಾಟಿದರೆ ನೀರು ನಾರಿನ ಎಳೆ ಹಿಡಿದು ನಿಧಾನಕ್ಕೆ ಒಳಗಿಳಿಯುತ್ತದೆ. ದೋಣಿ ಭಾರವಾಗುತ್ತದೆ, ಪದರ ಬಿಡುತ್ತದೆ, ಒಳಗೆ ಪ್ಲೈವುಡ್ ಇದ್ದರೆ ಕೊಳೆಯುತ್ತದೆ. ಆಗ ದೊಡ್ಡ ರಿಪೇರಿ. ದೋಣಿ ದಡದಲ್ಲಿ ಕೂತಷ್ಟು ದಿನ ಮನೆಯ ದುಡಿಮೆಯೂ ಕೂತ ಹಾಗೆ.

ಉಗುರಿನ ಪರೀಕ್ಷೆ

ಗೀರಿನ ಜಾಗವನ್ನು ಸಿಹಿನೀರು, ಸೋಪಿನಿಂದ ತೊಳೆದು ಒಣಗಿಸಿ. ಉಪ್ಪು, ಮರಳು ಉಳಿದಿದ್ದರೆ ಉಜ್ಜುವಾಗ ಹೊಸ ಗೀರು ಗ್ಯಾರಂಟಿ. ಈಗ ಗೀರಿಗೆ ಅಡ್ಡಲಾಗಿ ಉಗುರು ಎಳೆಯಿರಿ. ಉಗುರು ಜಾರಿ ಹೋದರೆ ಪಾಲಿಶ್ ಸಾಕು. ಸಿಕ್ಕಿಕೊಂಡರೆ ನೀರುಕಾಗದ ಬೇಕು. ಗೀರಿನ ತಳದಲ್ಲಿ ನಾರು ಇಣುಕುತ್ತಿದ್ದರೆ ಹೊಸ ಜೆಲ್‌ಕೋಟ್ ತುಂಬಬೇಕು.

ತೆಳು ಗೀರಿಗೆ

ಕಾರಿಗೆ ಹಾಕುವಂಥ ರಬ್ಬಿಂಗ್ ಕಾಂಪೌಂಡ್ ಅನ್ನು ಮೆತ್ತನೆ ಬಟ್ಟೆಯಲ್ಲಿ ಹಚ್ಚಿ ವೃತ್ತಾಕಾರವಾಗಿ ಉಜ್ಜಿ, ಆಮೇಲೆ ಪಾಲಿಶ್, ಕೊನೆಗೆ ವ್ಯಾಕ್ಸ್. ಸುಡುಬಿಸಿಲಲ್ಲಿ ಬೇಡ, ಕಾಂಪೌಂಡ್ ಹಚ್ಚಿದಲ್ಲೇ ಒಣಗಿಬಿಡುತ್ತದೆ.

ಉಗುರು ಸಿಕ್ಕಿಕೊಂಡರೆ

ನೀರುಕಾಗದವನ್ನು ಚಪ್ಪಟೆ ರಬ್ಬರ್ ತುಂಡಿಗೆ ಸುತ್ತಿ, ನೀರು ಹಾಕುತ್ತಾ ಉಜ್ಜಿ. 800 ನಂಬರಿನಿಂದ ಶುರುಮಾಡಿ 1000, 1500, 2000 ಅಂತ ನಯವಾಗಿಸುತ್ತಾ ಹೋಗಿ. ಬರೀ ಬೆರಳಿನಿಂದ ಒತ್ತಿ ಉಜ್ಜಿದರೆ ಅಲ್ಲಲ್ಲಿ ಕುಳಿ ಬೀಳುತ್ತದೆ. ಪ್ರತಿ ಸಲ ಕಾಗದ ಬದಲಿಸುವಾಗ ಉಜ್ಜುವ ದಿಕ್ಕನ್ನೂ ಬದಲಿಸಿ, ಹಿಂದಿನ ಗೆರೆ ಅಳಿಸಿದೆಯೋ ಇಲ್ಲವೋ ಕಣ್ಣಿಗೇ ಗೊತ್ತಾಗುತ್ತದೆ. ಇರೋದೇ ಅರ್ಧ ಮಿಲಿಮೀಟರ್, ನೆನಪಿರಲಿ. ಗೀರು ಪೂರ್ತಿ ಹೋಗಲೇಬೇಕೆಂಬ ಹಟದಲ್ಲಿ ಪದರವನ್ನೇ ತೆಗೆದುಬಿಟ್ಟರೆ ಮೂಗಿಗಿಂತ ಮೂಗುತಿ ಭಾರ ಆದ ಹಾಗೆ.

ನಾರು ಕಂಡರೆ

ಗೀರಿನ ಅಂಚನ್ನು ಉಜ್ಜಿ ಸ್ವಲ್ಪ ಇಳಿಜಾರು ಮಾಡಿ, ಅಸಿಟೋನ್ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ, ಸುತ್ತ ಮಾಸ್ಕಿಂಗ್ ಟೇಪ್ ಹಾಕಿ. ಬಣ್ಣ ಹೊಂದಿಸುವ ಮೊದಲು ಪಕ್ಕದ ಜಾಗವನ್ನು ಪಾಲಿಶ್ ಮಾಡಿ, ಬಿಸಿಲಿಗೆ ಮಾಸಿದ ಮೈ ಹೋಗಿ ನಿಜವಾದ ಬಣ್ಣ ಕಾಣುತ್ತದೆ. ಜೆಲ್‌ಕೋಟ್‌ಗೆ ಹಾರ್ಡನರ್ ಬೆರೆಸುವ ಪ್ರಮಾಣ ಸಾಮಾನ್ಯವಾಗಿ 100 ಗ್ರಾಂಗೆ 1ರಿಂದ 2 ಗ್ರಾಂ. ಡಬ್ಬಿಯ ಮೇಲೆ ಬೇರೆ ಇದ್ದರೆ ಅದೇ ಪ್ರಮಾಣ. ಗಟ್ಟಿಯಾಗುವಾಗ ಸ್ವಲ್ಪ ಕುಗ್ಗುವುದರಿಂದ ಕೂದಲೆಳೆಯಷ್ಟು ಉಬ್ಬಿಸಿಯೇ ತುಂಬಿ. ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಗಾಳಿ ತಾಗಿದರೆ ಮೇಲ್ಮೈ ಅಂಟಂಟಾಗಿಯೇ ಉಳಿಯುತ್ತದೆ. ಮರುದಿನ ಹಾಳೆ ತೆಗೆದು, 400 ನಂಬರಿನ ನೀರುಕಾಗದದಿಂದ ಮಟ್ಟ ಮಾಡಿ, ಅಲ್ಲಿಂದ ಮೇಲಿನ ಹಂತಗಳನ್ನೇ ಅನುಸರಿಸಿ.

ಇಲ್ಲಿ ಆಟ ಬೇಡ

ಕೆಲವು ಅಂಗಡಿಗಳಲ್ಲಿ ಕೋಬಾಲ್ಟ್ ಆಕ್ಸಿಲರೇಟರ್ ಮತ್ತು ಹಾರ್ಡನರ್ ಬೇರೆ ಬೇರೆ ಬಾಟಲಿಯಲ್ಲಿ ಕೊಡುತ್ತಾರೆ. ಇವೆರಡನ್ನೂ ನೇರವಾಗಿ ಬೆರೆಸಲೇಬಾರದು, ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಮೊದಲು ಆಕ್ಸಿಲರೇಟರ್ ಅನ್ನು ರಾಳಕ್ಕೆ ಚೆನ್ನಾಗಿ ಕಲಸಿ, ಆಮೇಲಷ್ಟೇ ಹಾರ್ಡನರ್. ಹಾರ್ಡನರ್ ಕಣ್ಣಿಗೆ ಹಾರಿದರೆ ದೃಷ್ಟಿಗೇ ಅಪಾಯ. ಹಾಗೇನಾದರೂ ಆದರೆ ತಕ್ಷಣ ನೀರಿನಲ್ಲಿ ಕಾಲು ಗಂಟೆಯಾದರೂ ತೊಳೆದು ಆಸ್ಪತ್ರೆಗೆ ಓಡಿ. ಕನ್ನಡಕ, ಗ್ಲೌಸ್, ಮಾಸ್ಕ್ ಹಾಕಿಕೊಂಡೇ ಕೂರಿ. ಅಸಿಟೋನ್ ಹತ್ತಿರ ಬೀಡಿ, ಸಿಗರೇಟು ಬೇಡವೇ ಬೇಡ. ಅಡುಗೆಮನೆಯ ಚಮಚ, ಬಟ್ಟಲು ತರಬೇಡಿ.

ಯಾವಾಗ ಮಾಡೋದು?

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರುವಾಗ ರಿಪೇರಿಯನ್ನೂ ಆಗಲೇ ಮುಗಿಸೋಣ ಅನ್ನಿಸೋದು ಸಹಜ. ಆದರೆ ಮಳೆಗಾಲದ ತೇವ ಜೆಲ್‌ಕೋಟ್‌ಗೆ ಆಗಿಬರಲ್ಲ. ಒಣಹವೆಯ ದಿನ ನೋಡಿ, ನೆರಳಲ್ಲಿ, ಗಾಳಿಯಾಡುವ ಜಾಗದಲ್ಲಿ ಮಾಡಿ.

ಎಂಜಿನ್ ಕೂರುವ ಹಿಂಬದಿಯಲ್ಲಿ ಜೇಡರ ಬಲೆಯಂಥ ಬಿರುಕು, ಒತ್ತಿದರೆ ಮೆತ್ತಗಾಗುವ ಜಾಗ, ಹರಿದ ನಾರು, ತಟ್ಟಿದಾಗ ಟೊಳ್ಳು ಸದ್ದು: ಇವು ಯಾವುವೂ ಗೀರಲ್ಲ. ಅಲ್ಲಿ ಜೆಲ್‌ಕೋಟ್ ಬಳಿದರೆ ರೋಗ ಮುಚ್ಚಿಟ್ಟ ಹಾಗೆ. ಫೈಬರ್ ಕೆಲಸ ಬಲ್ಲವರನ್ನೇ ಕರೆಸಿ. ಆ ದೋಣಿಯನ್ನು ನಂಬಿ ಮನೆಯವರು ನಡುನೀರಿಗೆ ಹೋಗುತ್ತಾರೆ.