ಮಾತು ತಡವಾದ ಮಗು ಮತ್ತು ತರಗತಿಯ ಗೋಡೆಗಳು

ನಾಲ್ಕನೆಯ ತರಗತಿಯ ಮಗುವೊಂದು ಉಪಾಧ್ಯಾಯರ ಪ್ರಶ್ನೆಗೆ ಉತ್ತರ ಕೊಡದೆ ಸುಮ್ಮನೆ ಎದ್ದು ನಿಂತರೆ, ಅದಕ್ಕೆ ಎರಡೇ ಕಾರಣಗಳನ್ನು ಹೇಳುವುದು ವಾಡಿಕೆ: ಮಗು ಓದಿ ಬಂದಿಲ್ಲ, ಇಲ್ಲವೆ ಅದು ದಡ್ಡ. ಮೂರನೆಯ ಕಾರಣವೊಂದು ಇರಬಹುದೆಂದು ನಮಗೆ ಹೊಳೆಯುವುದೇ ಅಪರೂಪ. ಪ್ರಶ್ನೆಯ ಮಾತುಗಳು ಮಗುವಿನ ಕಿವಿಯಲ್ಲಿ ಕಲಸಿಹೋಗಿರಬಹುದು; ಸರಿಯಾಗಿ ತಲುಪಿದ್ದರೂ, ಉತ್ತರವನ್ನು ವಾಕ್ಯವಾಗಿ ಜೋಡಿಸುವಷ್ಟು ಹೊತ್ತು ಅದಕ್ಕೆ ದೊರೆಯದಿರಬಹುದು. ಭಾಷೆಯ ಬೆಳವಣಿಗೆ ತಡವಾದ ಮಕ್ಕಳ ಪಾಡು ಇದು. ಇಂಥವರು ವಿಶೇಷ ಶಾಲೆಗಳಲ್ಲಿ ಮಾತ್ರ ಇರುವರೆಂದು ತಿಳಿಯಬಾರದು. ಅಮೆರಿಕದ ಟಾಂಬ್ಲಿನ್ ಮತ್ತು ಅವರ ಸಂಗಡಿಗರು ೧೯೯೭ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಶಾಲೆಗೆ ಆಗತಾನೆ ಸೇರಿದ ಮಕ್ಕಳಲ್ಲಿ ನೂರಕ್ಕೆ ಸುಮಾರು ಏಳು ಮಂದಿಗೆ, ಬುದ್ಧಿಯೂ ಕಿವಿಯೂ ಸರಿಯಾಗಿದ್ದರೂ, ಭಾಷೆ ಮಾತ್ರ ಹಿಂದೆ ಬಿದ್ದಿತ್ತು. ಈ ಲೆಕ್ಕದಲ್ಲಿ ನಲವತ್ತು ಮಕ್ಕಳ ತರಗತಿಯಲ್ಲಿ ಇಬ್ಬರೋ ಮೂವರೋ ಇದ್ದೇ ಇರುತ್ತಾರೆ.

ಮಾತು ಬೇರೆ, ಭಾಷೆ ಬೇರೆ. ಮಗು ‘ರಾಮ’ ಎನ್ನುವ ಬದಲು ‘ಲಾಮ’ ಎಂದರೆ ಅದು ಉಚ್ಚಾರಣೆಯ ತೊಡಕು, ಕೇಳಿದವರಿಗೆಲ್ಲ ತಿಳಿಯುತ್ತದೆ. ಭಾಷೆಯ ತೊಡಕು ಅಷ್ಟು ಸುಲಭವಾಗಿ ಗೊತ್ತಾಗುವುದಿಲ್ಲ. ‘ಹುಡುಗ ನಾಯಿಗೆ ಹೆದರಿದ’ ಎಂಬುದಕ್ಕೂ ‘ಹುಡುಗನಿಗೆ ನಾಯಿ ಹೆದರಿತು’ ಎಂಬುದಕ್ಕೂ ಇರುವ ಅಂತರವನ್ನು ನಿಲ್ಲಿಸಿರುವುದು ಪದಗಳ ಬಾಲದಲ್ಲಿ ಕುಳಿತಿರುವ ಪುಟ್ಟ ಪ್ರತ್ಯಯಗಳು. ಅವು ಕೈತಪ್ಪಿದರೆ ಹುಡುಗನೂ ನಾಯಿಯೂ ಹೆದರಿಕೆಯೂ ಉಳಿಯುತ್ತವೆ. ಹೆದರಿದವರು ಯಾರೆಂಬುದು ಉಳಿಯುವುದಿಲ್ಲ.

ಇಲ್ಲಿ ಭೌತವಿಜ್ಞಾನಕ್ಕೇನು ಕೆಲಸವೆಂದು ವಾಚಕರು ಕೇಳಬಹುದು. ಕೆಲಸವಿದೆ, ಏಕೆಂದರೆ ಮಗುವಿಗೂ ಉಪಾಧ್ಯಾಯರಿಗೂ ನಡುವೆ ಇರುವುದು ಒಂದು ಕೊಠಡಿ.

ಮಾತಿನಲ್ಲಿ ಶಕ್ತಿಯ ಬಹುಭಾಗ ಇರುವುದು ಸ್ವರಗಳಲ್ಲಿ. ಅರ್ಥವನ್ನು ಬೇರ್ಪಡಿಸುವ ಹೊಣೆಯನ್ನು ಹೆಚ್ಚಾಗಿ ಹೊತ್ತಿರುವ ವ್ಯಂಜನಗಳು ಬಲು ದುರ್ಬಲ. ‘ಸ’ಕಾರದ ಸದ್ದಂತೂ ಬಹುಮಟ್ಟಿಗೆ ಸೆಕೆಂಡಿಗೆ ೪೦೦೦ ಕಂಪನಗಳಿಗಿಂತ ಮೇಲೆಯೇ ಇರುತ್ತದೆ. ಈಗ ೮ ಮೀಟರ್ ಉದ್ದ, ೬ ಮೀಟರ್ ಅಗಲ, ೩.೫ ಮೀಟರ್ ಎತ್ತರದ ಒಂದು ತರಗತಿಯನ್ನು ಊಹಿಸೋಣ. ಗಿಲಾವು ಮಾಡಿದ ಗೋಡೆ, ಕಲ್ಲಿನ ನೆಲ, ಕಾಂಕ್ರೀಟಿನ ತಾರಸಿ. ಇವು ತಮ್ಮ ಮೇಲೆ ಬಿದ್ದ ಶಬ್ದದಲ್ಲಿ ನೂರಕ್ಕೆ ಮೂರು ಪಾಲನ್ನು ಹೀರಿದರೆ ಹೆಚ್ಚು, ಉಳಿದುದೆಲ್ಲ ಹಿಂದಿರುಗುತ್ತದೆ. ಹೀಗೆ ಮೂಲ ನಿಂತ ಮೇಲೂ ಶಬ್ದ ಉಳಿಯುವುದನ್ನು ಅನುರಣನ ಎನ್ನುತ್ತೇವೆ.

ಇದನ್ನು ಮೊದಲು ಅಳೆದವನು ಹಾರ್ವರ್ಡಿನ ತರುಣ ಅಧ್ಯಾಪಕ ವಾಲೆಸ್ ಸಾಬೀನ್. ೧೮೯೫ರಲ್ಲಿ ಅಲ್ಲಿನ ಹೊಸ ಉಪನ್ಯಾಸ ಮಂದಿರದಲ್ಲಿ ಯಾರ ಮಾತೂ ಯಾರಿಗೂ ತಿಳಿಯದಾದಾಗ, ಕಾರಣ ಹುಡುಕುವ ಕೆಲಸ ಅವನ ಪಾಲಿಗೆ ಬಂತು. ರಾತ್ರಿಯ ನಿಶ್ಶಬ್ದದಲ್ಲಿ ನೆರೆಯ ನಾಟಕಶಾಲೆಯ ದಿಂಬುಗಳನ್ನು ಹೊತ್ತು ತಂದು ಹಾಸಿ, ಆರ್ಗನ್ ಕೊಳವೆಯೊಂದನ್ನು ಊದಿಸಿ, ಸದ್ದು ಅಡಗಲು ಹಿಡಿಯುವ ಕಾಲವನ್ನು ಗುರುತು ಹಾಕಿಕೊಂಡ. ಖಾಲಿ ಮಂದಿರದಲ್ಲಿ ಅದು ಐದು ಸೆಕೆಂಡಿಗೂ ಮೀರಿತ್ತು! ಅವನು ಕಂಡ ಸೂತ್ರ ಸರಳ: ಕೊಠಡಿಯ ಘನಗಾತ್ರವನ್ನು ೦.೧೬ರಿಂದ ಗುಣಿಸಿ, ಒಟ್ಟು ಹೀರಿಕೆಯಿಂದ ಭಾಗಿಸಬೇಕು. ಹೀರಿಕೆಗೆ ಅವನು ಆರಿಸಿದ ಮಾನ ತೆರೆದ ಕಿಟಕಿ. ಅದರ ಮೂಲಕ ಹೋದ ಶಬ್ದ ಮತ್ತೆ ಬರುವುದಿಲ್ಲವಷ್ಟೆ.

ನಮ್ಮ ತರಗತಿ ಖಾಲಿಯಿದ್ದರೆ ಅನುರಣನ ಕಾಲ ಸುಮಾರು ೪.೫ ಸೆಕೆಂಡು. ನಲವತ್ತು ಮಕ್ಕಳು ಕುಳಿತು, ನಾಲ್ಕು ಚದರ ಮೀಟರಿನಷ್ಟು ಕಿಟಕಿ ತೆರೆದರೆ ಸ್ಥೂಲವಾಗಿ ೧.೨ ಸೆಕೆಂಡು. (ತೆರೆದ ಕಿಟಕಿ ಬಸ್ಸಿನ ಹಾರನ್ನನ್ನು ಒಳಗೆ ಕರೆಯುತ್ತದೆ, ಅದು ಬೇರೆ ಮಾತು.) ವಿಶ್ವ ಆರೋಗ್ಯ ಸಂಸ್ಥೆ ೧೯೯೯ರಲ್ಲಿ ತರಗತಿಗಳಿಗೆ ಸೂಚಿಸಿದ್ದು ೦.೬ ಸೆಕೆಂಡು. ೧.೨ ಸೆಕೆಂಡಿನಲ್ಲಿ ಶಬ್ದ ೬೦ ಡೆಸಿಬೆಲ್ ಇಳಿಯುವುದಾದರೆ, ಒಂದು ಅಕ್ಷರ ನುಡಿಯಲು ಬೇಕಾಗುವ ೦.೨ ಸೆಕೆಂಡಿನಲ್ಲಿ ಇಳಿಯುವುದು ೧೦ ಡೆಸಿಬೆಲ್ ಮಾತ್ರ. ಸ್ವರಕ್ಕೂ ದುರ್ಬಲ ವ್ಯಂಜನಕ್ಕೂ ಇರುವ ಅಂತರ ಅನೇಕ ವೇಳೆ ಇದಕ್ಕಿಂತ ಹೆಚ್ಚು. ಆದುದರಿಂದ ಹಿಂದಿನ ಅಕ್ಷರದ ಸ್ವರ ಮುಂದಿನ ಅಕ್ಷರದ ವ್ಯಂಜನವನ್ನು ಮುಚ್ಚಿಬಿಡುತ್ತದೆ.

ಹಾಗಾದರೆ ಉಳಿದ ಮಕ್ಕಳಿಗೆ ಪಾಠ ಹೇಗೆ ತಿಳಿಯುತ್ತದೆ? ಅವರು ಕೇಳಿಸದುದನ್ನು ಊಹಿಸಿ ತುಂಬಿಕೊಳ್ಳುತ್ತಾರೆ. ಭಾಷೆಯ ಪರಿಚಯ ಗಟ್ಟಿಯಾಗಿದ್ದವರಿಗೆ ಅರ್ಧ ಪದ ಸಾಕು. ಭಾಷೆ ತಡವಾದ ಮಗುವಿಗೆ ಆ ಗಂಟು ಇಲ್ಲ. ಕೊಠಡಿ ನುಂಗಿದ ಪ್ರತ್ಯಯ ಅದರ ಪಾಲಿಗೆ ಹೋದದ್ದೇ. ಇಂಥ ಮಗುವನ್ನು ಹಿಂದಿನ ಬೆಂಚಿನಲ್ಲಿ ಕೂರಿಸುವುದಕ್ಕಿಂತ ಅನ್ಯಾಯ ಬೇರೊಂದಿಲ್ಲವೆಂದು ನಮ್ಮ ಎಣಿಕೆ. ನಾಲ್ಕು ಮೀಟರಿನಿಂದ ಒಂದು ಮೀಟರಿಗೆ ತಂದರೆ, ಉಪಾಧ್ಯಾಯರ ಬಾಯಿಂದ ನೇರವಾಗಿ ಬರುವ ಶಬ್ದದ ತೀವ್ರತೆ ಹದಿನಾರು ಪಟ್ಟು ಹೆಚ್ಚುತ್ತದೆ. ಇದಕ್ಕೆ ಕಾಸಿನ ಖರ್ಚಿಲ್ಲ. ದಪ್ಪ ಪರದೆ, ಗೋಡೆಗೆ ಬಟ್ಟೆ ಹೊದಿಸಿದ ಹಲಗೆ, ಕಿರುಗುಟ್ಟುವ ಫ್ಯಾನಿಗೆ ಎಣ್ಣೆ ಇವೂ ದುಬಾರಿಯಲ್ಲ.

ಕೊಠಡಿಯಷ್ಟೇ ಮುಖ್ಯವಾದುದು ಕಾಲ. ಅಮೆರಿಕದ ವಿಜ್ಞಾನ ಶಿಕ್ಷಣತಜ್ಞೆ ಮೇರಿ ಬಡ್ ರೋ ವಿಜ್ಞಾನದ ಪಾಠಗಳನ್ನು ಧ್ವನಿಮುದ್ರಿಸಿ ಪರೀಕ್ಷಿಸಿ, ೧೯೭೪ರಲ್ಲಿ ಒಂದು ಸಂಗತಿಯನ್ನು ವರದಿ ಮಾಡಿದರು: ಪ್ರಶ್ನೆ ಕೇಳಿದ ಉಪಾಧ್ಯಾಯರು ಉತ್ತರಕ್ಕೆ ಕಾಯುವುದು ಸರಾಸರಿ ಒಂದೇ ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು. ಎಂದೂ ಬಾಯಿ ಬಿಡದವರೂ ಮಾತನಾಡತೊಡಗಿದರು. ಮೂರು ಸೆಕೆಂಡು ಅಲ್ಪವೆಂದು ತೋರಬಹುದು. ತರಗತಿಯ ಮುಂದೆ ನಿಂತು ಮೌನವಾಗಿ ಎಣಿಸಿದವರು ಮಾತ್ರ ಅದು ಎಷ್ಟು ದೀರ್ಘವೆಂದು ಬಲ್ಲರು.

ವಾಕ್ಯದ ಕಟ್ಟೂ ತೊಡಕನ್ನು ಹೆಚ್ಚಿಸಬಲ್ಲುದು. ‘ಪಾಠ ಬರೆಯುವ ಮುನ್ನ ಚಿತ್ರ ಬಿಡಿಸಿರಿ’ ಎಂದರೆ, ಮೊದಲು ಕಿವಿಗೆ ಬೀಳುವುದು ಆಮೇಲೆ ಮಾಡಬೇಕಾದ ಕೆಲಸ. ‘ಮೊದಲು ಚಿತ್ರ ಬಿಡಿಸಿರಿ, ಆಮೇಲೆ ಪಾಠ ಬರೆಯಿರಿ’ ಎಂದರೆ ಕೇಳುವ ಕ್ರಮವೂ ಮಾಡುವ ಕ್ರಮವೂ ಒಂದೇ. ಮಗು ‘ಅಂಗಡಿ ಹೋದೆ’ ಎಂದಾಗ ತಪ್ಪೆಂದು ಗದರಿಸುವ ಬದಲು, ‘ಓಹೋ, ಅಂಗಡಿಗೆ ಹೋದೆಯಾ? ಅಂಗಡಿಯಿಂದ ಏನು ತಂದೆ?’ ಎಂದು ಮಾತು ಮುಂದುವರಿಸಿದರೆ, ಬಿಟ್ಟುಹೋದ ಪ್ರತ್ಯಯ ಮಗುವಿಗೆ ಅವಮಾನವಿಲ್ಲದೆ ಮರಳುತ್ತದೆ. ವಾಕ್ ಚಿಕಿತ್ಸಕರು ಅನುಸರಿಸುವ ಕ್ರಮವೇ ಇದು. ಸಹಪಾಠಿಗಳೂ ಅನುಸರಿಸಬಹುದು; ತಡವರಿಸುವವನ ವಾಕ್ಯವನ್ನು ತಾವೇ ಮುಗಿಸಿಬಿಡುವ ಚಪಲವನ್ನು ತಡೆಯಬೇಕು, ಅಷ್ಟೆ.

ನಮ್ಮ ನಾಡಿನಲ್ಲಿ ಇನ್ನೊಂದು ಗೊಂದಲವುಂಟು. ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿದ ಮಗು ಮೌನವಾದರೆ, ಮನೆಯಲ್ಲಿ ಕನ್ನಡ ಬಿಟ್ಟುಬಿಡಿರೆಂದು ತಂದೆತಾಯಿಗಳಿಗೆ ಉಪದೇಶಿಸುವವರಿದ್ದಾರೆ. ಎರಡು ಭಾಷೆಗಳ ಬಳಕೆ ಭಾಷಾದೋಷವನ್ನು ಹುಟ್ಟಿಸುವುದಿಲ್ಲವೆಂಬುದು ಸಂಶೋಧಕರ ಸ್ಥಿರ ಅಭಿಪ್ರಾಯ. ಶಾಲೆಯಲ್ಲಿ ಮೂಕವಾಗಿರುವ ಮಗು ಮನೆಯಲ್ಲಿ ಅಜ್ಜಿಯೊಡನೆ ವಯಸ್ಸಿಗೆ ತಕ್ಕಂತೆ ಹರಟುತ್ತಿದ್ದರೆ, ಕೊರತೆ ಇರುವುದು ಬಹುಶಃ ಇಂಗ್ಲಿಷಿನ ಅಭ್ಯಾಸದಲ್ಲಿ. ಅಜ್ಜಿಯೊಡನೆಯೂ ತೊಡಕು ಕಂಡರೆ ತಜ್ಞರನ್ನು ಕಾಣಬೇಕು. ಆಗಲೂ ಕನ್ನಡವನ್ನು ಬಿಡಿಸಬೇಕಾಗಿಲ್ಲ.

ತಜ್ಞರು ಮೊದಲು ನೋಡುವುದು ಕಿವಿಯನ್ನು. ನೆಗಡಿಯ ತರುವಾಯ ನಡುಗಿವಿಯಲ್ಲಿ ದ್ರವ ನಿಂತ ಮಕ್ಕಳಿಗೆ ವಾರಗಟ್ಟಲೆ ಕೇಳಿಕೆ ೨೦–೩೦ ಡೆಸಿಬೆಲ್ ತಗ್ಗಿರಬಹುದು; ಕರೆದರೆ ತಿರುಗುತ್ತಾರೆ, ಆದರೆ ವ್ಯಂಜನಗಳು ಜಾರಿಹೋಗುತ್ತವೆ. ಮೈಸೂರಿನಲ್ಲಿ ೧೯೬೫ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ, ಮಾತು, ಭಾಷೆ ಮೂರರ ಪರೀಕ್ಷೆಗೂ ಏರ್ಪಾಡಿದೆ. ಕಿವಿಯ ಪರೀಕ್ಷೆಗೆ ಮಗು ಮಾತನಾಡಲೇಬೇಕೆಂದಿಲ್ಲ. ಸದ್ದು ಕೇಳಿದಾಗ ಕೈ ಎತ್ತಿದರೆ ಸಾಕು. ಕೈ ಎತ್ತಲಾಗದ ಕೂಸುಗಳಿಗೆ, ಅವು ನಿದ್ರಿಸುತ್ತಿರುವಾಗಲೇ, ಶ್ರವಣನರವೂ ಮೆದುಳಿನ ಕಾಂಡವೂ ತೋರುವ ವಿದ್ಯುತ್ ಪ್ರತಿಕ್ರಿಯೆಯನ್ನು ನೆತ್ತಿಗೆ ಅಂಟಿಸಿದ ತಂತಿಗಳ ಮೂಲಕ ಅಳೆಯುತ್ತಾರೆ.