ಪಾತ್ರ ಸಿಕ್ಕವನು ಪುಸ್ತಕ ಹಿಡಿದ

ಮೈಸೂರು, ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕ ಕಟ್ಟುವಾಗ ಪಾತ್ರಕ್ಕೆ ದುಡ್ಡು ಕಟ್ಟಬೇಕು. ಕೃಷ್ಣ, ದುರ್ಯೋಧನರಿಗೆ ಜಾಸ್ತಿ, ವಿದುರನಿಗೆ ಕಮ್ಮಿ. ದುಡ್ಡು ಕೊಟ್ಟು ದುರ್ಯೋಧನನಾದವನು ಮಾತು ತಪ್ಪಿದರೆ ಊರೇ ನಗುತ್ತದೆ. ಹಾಗಾಗಿ ಶಾಲೆ ಬಿಟ್ಟ ಮೇಲೆ ಅಕ್ಷರದ ಗೊಡವೆಗೇ ಹೋಗದವರೂ ರಾತ್ರಿ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ನಾಟಕದ ಪುಸ್ತಕ ಬಿಡಿಸುತ್ತಾರೆ. ಓದಲು ಬಾರದವರು ಕೇಳಿಯೇ ಬಾಯಿಪಾಠ ಮಾಡುತ್ತಾರೆ, ಅದು ಬೇರೆ ಮಾತು.

1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟಕ್ಕೂ ಪಾತ್ರವೇ ಬಂಡವಾಳ. ಮೇಜಿನ ಸುತ್ತ ನಾಲ್ಕೈದು ಜನ. ಒಬ್ಬ ಕತೆ ನಡೆಸುತ್ತಾನೆ, ಉಳಿದವರಿಗೆ ಒಂದೊಂದು ಪಾತ್ರ. ‘ಬಾಗಿಲು ಒಡೆದೆ’ ಅಂದರೆ ಆಗಲಿಲ್ಲ, ಇಪ್ಪತ್ತು ಮುಖದ ದಾಳವೂ ಹೂಂ ಅನ್ನಬೇಕು. ಮಂತ್ರ ಎಷ್ಟು ದೂರ ತಾಗುತ್ತದೆ ಎಂದು ಜಗಳ ಬಂತೋ, ನಿಯಮದ ಪುಸ್ತಕ ತೆಗೆದು ಓದಿಯೇ ತೀರ್ಮಾನ. ಜಗಳ ಗೆಲ್ಲಲು ಓದುವವನ ಶ್ರದ್ಧೆ ಪರೀಕ್ಷೆಗೆ ಓದುವವನಲ್ಲಿ ಎಲ್ಲಿಂದ ಬರಬೇಕು? ಆಟದಾಚೆಯ ಓದಿಗೂ ದಾರಿಯಿತ್ತು: 1979ರ ಕೈಪಿಡಿಯ ಹಿಂಬದಿಯಲ್ಲಿ ಗೈಗ್ಯಾಕ್ಸ್ ತನ್ನನ್ನು ಪ್ರಭಾವಿಸಿದ ಟೋಲ್ಕಿನ್, ಜಾಕ್ ವ್ಯಾನ್ಸ್, ಫ್ರಿಟ್ಜ್ ಲೈಬರ್ ಮೊದಲಾದ ಲೇಖಕರ ಪಟ್ಟಿಯನ್ನೇ ಕೊಟ್ಟ.

ನಮ್ಮಲ್ಲಿ ಇದಕ್ಕೆ ತೀರ ಹತ್ತಿರದ ಆಟ ಕರಾವಳಿಯ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ ಹಾಡುತ್ತಾರೆ. ಅರ್ಥಧಾರಿಗಳು ಎದುರುಬದುರು ಕೂತು ಮಾತನ್ನು ಆ ಕ್ಷಣಕ್ಕೇ ಹುಟ್ಟಿಸಬೇಕು. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ವಾಲಿ ಕೆಣಕಿದರೆ ರಾಮ ತಪ್ಪಿಸಿಕೊಳ್ಳುವಂತಿಲ್ಲ. ಪ್ರಶ್ನೆ ಯಾವ ದಿಕ್ಕಿನಿಂದ ಬರುತ್ತದೋ ತಿಳಿಯದ ಕಾರಣ ಅರ್ಥಧಾರಿ ವಾಲ್ಮೀಕಿ, ತೊರವೆ, ಕುಮಾರವ್ಯಾಸರನ್ನೆಲ್ಲ ಜಾಲಾಡಿ ಬಂದಿರಬೇಕು. ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ದೊಡ್ಡ ಹೆಸರಾದದ್ದು ಇಂಥ ವಾದದಿಂದಲೇ. ಒಂದು ವ್ಯತ್ಯಾಸವಿದೆ: ತಾಳಮದ್ದಳೆಯ ವಾಲಿ ವಾದದಲ್ಲಿ ಗೆದ್ದರೂ ಸಾಯುತ್ತಾನೆ, ದಾಳದ ಆಟದಲ್ಲಿ ಬದುಕಿಬಿಡಬಹುದು. ಮಕ್ಕಳಿಗೆ ರುಚಿ ಹತ್ತುವುದು ಅಲ್ಲೇ ಅನಿಸುತ್ತದೆ.

ತೊಡಕು ಭಾಷೆಯದು. ಮುನ್ನೂರು ಪುಟದ ಇಂಗ್ಲಿಷ್ ನಿಯಮಾವಳಿಯನ್ನು ಮೂಗೂರಿನ ಆರನೇ ಕ್ಲಾಸಿನ ಹುಡುಗಿಯ ಕೈಗಿಟ್ಟರೆ ಅವಳು ಓದಿನಿಂದಲೇ ದೂರ ಓಡಿಯಾಳು. ಆಟವನ್ನು ಇಲ್ಲಿನದೇ ಮಾಡಿಕೊಳ್ಳಬೇಕು. ಜಾಗವಂತೂ ಇದೆ: 2020ರ ನವೆಂಬರ್‌ನಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಗುತ್ತಿದೆ. ಕತೆಯೂ ದೂರವಿಲ್ಲ: ‘ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ’ ಎಂದು ಹೊಳೆಗೆ ಹಾರಿದ ಅಲಮೇಲಮ್ಮನ ಶಾಪದ ಕತೆ. ತಲಕಾಡು, ಮಾಲಂಗಿ ಎರಡೂ ಮೂಗೂರಿನ ತಾಲ್ಲೂಕಾದ ತಿ. ನರಸೀಪುರದಲ್ಲೇ ಇವೆ.

ಆಟ ಹೀಗಿರಲಿ: ಕಾಲ 1610, ರಾಜ ಒಡೆಯರು ಶ್ರೀರಂಗಪಟ್ಟಣ ಹಿಡಿದಿದ್ದಾರೆ. ಒಬ್ಬಳು ಅಲ್ಲಿನ ಹಿಂದಿನ ಅಧಿಪತಿಯ ಹೆಂಡತಿ ಅಲಮೇಲಮ್ಮ, ಇಬ್ಬರು ಒಡವೆಗಾಗಿ ಬೆನ್ನಟ್ಟಿದ ಸೈನಿಕರು, ಒಬ್ಬ ಮಾಲಂಗಿಯ ಅಂಬಿಗ. ಗ್ರಂಥಪಾಲಕರೇ ಭಾಗವತರು. ಪ್ರತಿ ಪಾತ್ರಕ್ಕೂ ಒಂದು ಪುಟದ ಚೀಟಿ: ತನಗೇನು ಗೊತ್ತು, ಏನು ಬೇಕು. ಓದದವನಿಗೆ ತನ್ನ ಗುಟ್ಟೇ ತಿಳಿಯದು. ದಾಳ ಬೇಕಿಲ್ಲ, ಚೌಕಾಬಾರದ ಕವಡೆ ಸಾಕು. ಎಂಟರ ಗರ ಬಿದ್ದರೆ ಅಲಮೇಲಮ್ಮ ಹೊಳೆ ದಾಟಿದಳು, ಶಾಪವೇ ಇಲ್ಲ. ಹಾಗಾದರೆ ತಲಕಾಡಿಗೆ ಮರಳು ಎಲ್ಲಿಂದ ಬಂತು? ಕೇಳಿದವರಿಗೆ ಮಾಧವಮಂತ್ರಿ ಅಣೆಕಟ್ಟಿನಿಂದ ನದಿಯ ಹರಿವು ಬದಲಾಗಿ ಮರಳು ಎದ್ದಿರಬಹುದೆಂಬ ಭೂವಿಜ್ಞಾನಿಗಳ ವಾದವನ್ನು ಓದಲು ಕೊಡಬೇಕು. ಅದನ್ನು ಓದಿ ಬಂದವರಿಗೆ ಮುಂದಿನ ಭಾನುವಾರ ಒಂದು ಗರ ಹೆಚ್ಚಿಗೆ.