ತಿದ್ದುವ ಬರಹ, ಕೂಡಿಸುವ ಬರಹ

ಬೆಂಗಳೂರಿನ ಪಶ್ಚಿಮಕ್ಕೆ, ಮಾಗಡಿ ರಸ್ತೆಗೂ ಮೈಸೂರು ರಸ್ತೆಗೂ ನಡುವೆ ಇರುವ ಉಲ್ಲಾಳವು ಹಿಂದೆ ಹೊಲಗದ್ದೆಗಳ ಹಳ್ಳಿ. ಇಂದು ಮಹಾನಗರದ ಒಂದು ಬಡಾವಣೆ. ಇಂತಹ ಊರಿನಲ್ಲಿ ಒಂದೇ ತುಂಡು ನೆಲವು ತಂದೆಯಿಂದ ಮಕ್ಕಳಿಗೆ, ಮಕ್ಕಳಿಂದ ಕೊಂಡವರಿಗೆ, ಹೀಗೆ ಕೈಯಿಂದ ಕೈಗೆ ಸಾಗುತ್ತದೆ. ಪ್ರತಿಸಲವೂ ದಫ್ತರದಲ್ಲಿ ಏನು ಮಾಡಬೇಕು? ಹಳೆಯ ಹೆಸರನ್ನು ಅಳಿಸಿ ಹೊಸದನ್ನು ಬರೆಯಬೇಕೆ? ಅಥವಾ ಹಳೆಯದನ್ನು ಹಾಗೆಯೇ ಉಳಿಸಿ, ಕೆಳಗೆ ಹೊಸ ಸಾಲೊಂದನ್ನು ಕೂಡಿಸಬೇಕೆ? ಗಣಕಯಂತ್ರದಲ್ಲಿ ದಾಖಲೆಗಳನ್ನು ಇಡುವವರೆಲ್ಲರಿಗೂ ಎದುರಾಗುವ ಪ್ರಶ್ನೆ ಇದೇ.

ಮೊದಲು ತಿದ್ದುವ ಕ್ರಮವನ್ನು ನೋಡೋಣ. ತಿದ್ದಬೇಕಾದರೆ ಸರಿಯಾದ ದಾಖಲೆಯನ್ನು ಹುಡುಕಿ ತೆಗೆಯಬೇಕು. ಹೆಸರೊಂದನ್ನೇ ನಂಬಿದರೆ ಕೆಟ್ಟೆವು. ಮಂಗಳೂರಿನ ಬಳಿ ರಾಣಿ ಅಬ್ಬಕ್ಕನ ಉಲ್ಲಾಳವೂ ಉಂಟು. ಬೆಂಗಳೂರಿನದನ್ನು ಕೆಲವರು ‘ಉಲ್ಲಾಳು’ ಎಂದೂ ಬರೆಯುವರು. ಯಂತ್ರಕ್ಕೆ ಒಂದು ಅಕ್ಷರ ಬೇರೆಯಾದರೆ ಊರೇ ಬೇರೆ. ಅದು ‘ಇಂತಹ ದಾಖಲೆ ಇಲ್ಲ’ ಎಂದು ಬಗೆದರೆ ತಿದ್ದುವ ಬದಲು ಹೊಸದೊಂದನ್ನು ಸೇರಿಸಿಬಿಡಬಹುದು. ಆಗ ಒಂದೇ ಜಮೀನಿಗೆ ಎರಡು ದಾಖಲೆಗಳು!

ಈ ತೊಡಕನ್ನು ನಿವಾರಿಸುವುದು ‘ಪ್ರಧಾನ ಕೀಲಿ’. ಎಡ್ಗರ್ ಕಾಡ್ ಎಂಬ ಗಣಿತಜ್ಞರು 1970ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದನ್ನು ವಿವರಿಸಿದರು. ಒಂದು ದಾಖಲೆಗಿರುವ ಕೀಲಿ ಮತ್ತೊಂದಕ್ಕೆ ಇರಕೂಡದು. ಜಮೀನಿನ ವಿಷಯದಲ್ಲಿ ಊರಿನ ಸಂಕೇತ, ಸರ್ವೆ ನಂಬರು, ಹಿಸ್ಸಾ ನಂಬರುಗಳು ಸೇರಿ ಅಂತಹ ಗುರುತಾಗುತ್ತವೆ. ಕೀಲಿ ಸಿಕ್ಕಿದರೆ ತಿದ್ದುವುದು. ಸಿಕ್ಕದಿದ್ದರೆ ಮಾತ್ರ ಸೇರಿಸುವುದು.

ಆದರೆ ತಿದ್ದುವಿಕೆಯಲ್ಲಿ ಒಂದು ದೊಡ್ಡ ಅಪಾಯವಿದೆ. ತಪ್ಪಿನಿಂದಲೋ ಮೋಸದಿಂದಲೋ ಹೆಸರು ಬದಲಾಯಿತೆಂದು ಭಾವಿಸೋಣ. ಹಿಂದೆ ಅಲ್ಲಿ ಯಾರ ಹೆಸರಿತ್ತು? ಅಳಿಸಿಹೋದ ಹೆಸರು ಸಾಕ್ಷಿ ಹೇಳಲಾರದು. ಕೂಡಿಸುವ ಕ್ರಮದಲ್ಲಿ ಈ ಭಯವಿಲ್ಲ, ಎಲ್ಲವೂ ಉಳಿದಿರುತ್ತದೆ. ಆದರೆ ಇಂದಿನ ಒಡೆಯನಾರೆಂದು ತಿಳಿಯಲು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದುತ್ತ ಬರಬೇಕು.

ನಮ್ಮ ಕಂದಾಯ ದಫ್ತರಗಳು ಗಣಕಯಂತ್ರ ಬರುವ ಮೊದಲೇ ಇದಕ್ಕೆ ಉಪಾಯವನ್ನು ಕಂಡುಕೊಂಡಿದ್ದವು. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದಂತೆ ಅಲ್ಲಿ ಎರಡು ಬಗೆಯ ಬರಹಗಳುಂಟು. ಮ್ಯುಟೇಷನ್ ವಹಿಯಲ್ಲಿ ಪ್ರತಿಯೊಂದು ಹಕ್ಕು ಬದಲಾವಣೆಗೂ ಹೊಸ ನಮೂದು. ಇದು ಕೂಡಿಸುವ ಬರಹ. ಆಕ್ಷೇಪಣೆಗಳನ್ನು ವಿಚಾರಿಸಿ ಆ ನಮೂದನ್ನು ಸ್ಥಿರಪಡಿಸಿದ ಮೇಲೆ ಪಹಣಿಯಲ್ಲಿ ಹೆಸರು ಬದಲಾಗುತ್ತದೆ. ಇದು ತಿದ್ದುವ ಬರಹ. 2000ದ ಸುಮಾರಿಗೆ ‘ಭೂಮಿ’ ಯೋಜನೆಯು ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿದಾಗಲೂ ಈ ಜೋಡಿ ಉಳಿದುಬಂದಿತು.

ಜನನ ಮರಣಗಳ ನೋಂದಣಿಯಲ್ಲಿಯೂ ಇದೇ ವಿವೇಕವಿದೆ. 1969ರ ಅಧಿನಿಯಮದ 15ನೆಯ ಪ್ರಕರಣದಂತೆ ತಪ್ಪನ್ನು ಸರಿಪಡಿಸುವಾಗ ಮೂಲ ಬರಹವನ್ನು ಮುಟ್ಟಕೂಡದು. ಅಂಚಿನಲ್ಲಿ ತಿದ್ದುಪಡಿಯನ್ನು ಬರೆಯಬೇಕು. ಇಂದಿನ ದತ್ತಸಂಚಯ ತಂತ್ರಾಂಶಗಳಲ್ಲಿ ಬಹಳಷ್ಟು ದಾಖಲೆಯನ್ನು ತಿದ್ದುವ ಮುನ್ನ ‘ಹೀಗೆ ತಿದ್ದಲಿದ್ದೇನೆ’ ಎಂದು ದಿನಚರಿಯೊಂದರಲ್ಲಿ ಬರೆದಿಡುತ್ತವೆ. ನಡುವೆ ವಿದ್ಯುತ್ತು ನಿಂತುಹೋದರೆ ಆ ದಿನಚರಿಯನ್ನು ಓದಿ, ಅರ್ಧಕ್ಕೆ ನಿಂತ ಕೆಲಸವನ್ನು ಸರಿಪಡಿಸಿಕೊಳ್ಳುತ್ತವೆ.

ಕೂಡಿಸಿದ ಸಾಲುಗಳಿಂದ ಇಂದಿನ ಸ್ಥಿತಿಯನ್ನು ಯಾವಾಗ ಬೇಕಾದರೂ ಕಟ್ಟಿಕೊಳ್ಳಬಹುದು. ಇಂದಿನ ಸ್ಥಿತಿಯೊಂದರಿಂದಲೇ ನಿನ್ನೆಯದನ್ನು ಕಟ್ಟಲಾಗದು. ಹಣ, ನೆಲ, ಹೆಸರುಗಳ ಲೆಕ್ಕವಿಡುವವರು ಇದನ್ನು ಮರೆಯಕೂಡದು. ಮನೆಯಲ್ಲಿ ಪಹಣಿಯಿದ್ದರೆ ವಿದ್ಯಾರ್ಥಿಗಳು ತೆಗೆದು ನೋಡಲಿ. 9ನೆಯ ಅಂಕಣದಲ್ಲಿ ಒಡೆಯರ ಹೆಸರಿರುತ್ತದೆ. ಪಕ್ಕದ 10ನೆಯದರಲ್ಲಿ, ಆ ಹೆಸರು ಅಲ್ಲಿಗೆ ಬಂದುದಕ್ಕೆ ಸಾಕ್ಷಿಯಾದ ಮ್ಯುಟೇಷನ್ ಸಂಖ್ಯೆ.